ಸುಜಾತಕ್ಕನ ಏಳನೇ ಗಿಟಾರು

ಸುಜಾತಕ್ಕನ ಮನೆಯಲ್ಲಿ 'ನಡೆಯುತ್ತೆ ಬಿಡಿ' ಎಂದವರಿಗೆ ಕಾಫಿ ಸಿಗುತ್ತಿರಲಿಲ್ಲ. ಇದನ್ನು ತಮಾಷೆಗೆ ಹೇಳುತ್ತಿಲ್ಲ, ಕಣ್ಣಾರೆ ಕಂಡಿದ್ದೇನೆ. ಒಮ್ಮೆ ನಲ್ಲಿ ರಿಪೇರಿಗೆ ಬಂದಿದ್ದ ಪ್ಲಂಬರ್ ಸಾಮಾನು ಕಟ್ಟಿಕೊಳ್ಳುತ್ತಾ, "ಸ್ವಲ್ಪ ತೊಟ್ಟಿಕ್ಕುತ್ತೆ, ನಡೆಯುತ್ತೆ ಬಿಡಿ ಅಮ್ಮ" ಎಂದ. ಅಕ್ಕ ಒಲೆಯ ಮೇಲಿದ್ದ ಹಾಲನ್ನು ಇಳಿಸಿ, ಗ್ಯಾಸ್ ಆರಿಸಿ, ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. "ಯಾರಿಗೆ ನಡೆಯುತ್ತೆ? ನಿನಗಾ, ನನಗಾ, ನೀರಿಗಾ?" ಆತ ಸ್ಪ್ಯಾನರ್ ಮತ್ತೆ ಹೊರತೆಗೆದ. ನಲ್ಲಿಯಿಂದ ಬೀಳುತ್ತಿದ್ದ ಹನಿ ಪೂರ್ತಿ ನಿಂತ ಮೇಲೆಯೇ ಹಾಲು ಮತ್ತೆ ಒಲೆ ಏರಿದ್ದು.

ಐದಡಿ ಎತ್ತರವೂ ಇಲ್ಲದ ಹೆಂಗಸು. ಹತ್ತಿ ಸೀರೆಯ ಮೇಲೆ ತೀರಿಹೋದ ಗಂಡನ ಹಳೆಯ ಶರಟು, ದಾರ ಕಟ್ಟಿ ಕೊರಳಿಗೆ ಹಾಕಿಕೊಂಡ ಕನ್ನಡಕ. ಬಲಗೈ ಹೆಬ್ಬೆರಳು ಮಾತ್ರ ಉಳಿದ ಬೆರಳುಗಳಂತಿರದೆ ಚಪ್ಪಟೆಯಾಗಿತ್ತು. ಸರ್ಕಾರಿ ಅಚ್ಚುಕೂಟದ ಬೈಂಡಿಂಗ್ ವಿಭಾಗದಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹಾಳೆ ಮಡಿಸಿ, ಮಡಿಕೆ ಉಜ್ಜಿ, ರಿಜಿಸ್ಟರು ಹೊಲಿದ ಗುರುತು ಅದು. ಅವರ ಅಪ್ಪ ಕೃಷ್ಣರಾಜ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದರಂತೆ. ಮನೆಯಲ್ಲಿ ನೌಕರಿಗೆ ಸೇರಿದವರಲ್ಲಿ ಇವರೇ ಮೊದಲಿಗರು. ನಿವೃತ್ತಿಯಾದ ಮೇಲೆ ಚಾಮರಾಜಪೇಟೆಯ ಮಹಡಿ ಮನೆಯೊಂದರಲ್ಲಿ, ತಾರಸಿಗೆ ಶೀಟು ಹಾಕಿಸಿ, ಅದರ ಕೆಳಗೆ ಗಿಟಾರು ಮಾಡುತ್ತಿದ್ದರು.

ಗಿಟಾರು ಯಾಕೆ ಎಂದು ಕೇಳಿದರೆ, "ಸಿಟ್ಟು ಬಂತು, ಮಾಡ್ದೆ" ಎನ್ನುತ್ತಿದ್ದರು. ಮಗಳು ಪ್ರಜ್ಞಾ ಕಾಲೇಜಿನಲ್ಲಿದ್ದಾಗ ಹಟ ಹಿಡಿದು ಅಂಗಡಿಯಿಂದ ಒಂದು ಗಿಟಾರು ತರಿಸಿಕೊಂಡಿದ್ದಳು. ತಂತಿಗಳನ್ನು ಹಿಡಿದಿಡುವ ಮರದ ತುಂಡು, ಅದಕ್ಕೆ ಬ್ರಿಡ್ಜ್ ಎನ್ನುತ್ತಾರೆ, ಆರು ತಿಂಗಳಿಗೇ ಕಿತ್ತುಬಂತು. ಅಂಗಡಿಯವನು, "ಇವೆಲ್ಲ ಹೀಗೇ ಮೇಡಂ" ಎಂದನಂತೆ. ಅಕ್ಕ ಅದನ್ನು ಮನೆಗೆ ತಂದು, ಬಿಸಿನೀರಿನ ಹಬೆ ಹಿಡಿದು, ಪುಸ್ತಕದ ರಟ್ಟು ಬಿಡಿಸುವ ಹಾಗೆ ಹಲಗೆ ಬಿಡಿಸಿದರು. "ಒಳಗೆ ನೋಡಿದ್ರೆ ಅಂಟು ಹಚ್ಚಿದಾರಾ, ಉಗುಳಿದಾರಾ ಗೊತ್ತಾಗ್ಲಿಲ್ಲ. ನಾನು ಪಂಚಾಯಿತಿ ರಿಜಿಸ್ಟರಿಗೂ ಇಂಥಾ ಕೆಲಸ ಮಾಡ್ದೋಳಲ್ಲ." ಆ ಸಿಟ್ಟಿಗೇ ಮೊದಲನೆಯ ಗಿಟಾರು ಹುಟ್ಟಿತು. ಅದು ಚೆನ್ನಾಗಿರಲಿಲ್ಲ ಎಂದು ಅವರೇ ಹೇಳುತ್ತಿದ್ದರು. ಎರಡನೆಯದೂ ಇಲ್ಲ. ಮೂರನೆಯದು ಪರವಾಗಿಲ್ಲ ಎಂದು ಪ್ರಜ್ಞಾ ಒಮ್ಮೆ ಬಾಯ್ತಪ್ಪಿ ಅಂದದ್ದಕ್ಕೆ ಒಂದು ದಿನ ಮಾತು ಬಿಟ್ಟಿದ್ದರು.

ನಾನು ಅವರ ಮನೆ ಹುಡುಕಿಕೊಂಡು ಹೋದದ್ದು ಸರೇಸಿಗಾಗಿ. ಸರೇಸು ಎಂದರೆ ಚರ್ಮ, ಮೂಳೆ ಕುದಿಸಿ ತೆಗೆದ ಅಂಟು. ನಾನಿರುವುದು ತ್ಯಾಗರಾಜನಗರದಲ್ಲಿ, ಕೆಲಸ ಒಂದು ವಿಮಾ ಕಚೇರಿಯಲ್ಲಿ. ನಲವತ್ತು ದಾಟಿದ ಮೇಲೆ ಗಿಟಾರು ಮಾಡುವ ಹುಚ್ಚು ಹಿಡಿಸಿಕೊಂಡು, ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಒಂದನ್ನು ಮಾಡಿ ಮುಗಿಸಿದ್ದೆ. ಮಾರ್ಚಿನಲ್ಲಿ ಅದರ ಮೇಲ್ಹಲಗೆ ಉದ್ದಕ್ಕೆ ಸೀಳಿತು. ಚಾಮರಾಜಪೇಟೆಯ ಬೈಂಡಿಂಗ್ ಅಂಗಡಿಯವನು, "ಸರೇಸು ಈಗ ಯಾರ್ ಬಳಸ್ತಾರೆ ಸಾರ್? ಸುಜಾತಮ್ಮನ್ನ ಕೇಳಿ" ಎಂದು ದಾರಿ ತೋರಿಸಿದ.

ಅಕ್ಕ ನನ್ನ ಗಿಟಾರನ್ನು ಬೆಳಕಿಗೆ ಹಿಡಿದು ನೋಡಿ, "ಯಾವಾಗ ಅಂಟಿಸಿದ್ದು ಇದನ್ನ?" ಎಂದರು.

"ಜುಲೈನಲ್ಲಿ."

"ಮಳೇಲಿ ನೀರು ಕುಡಿದು ಊದ್ಕೊಂಡಿರೋ ಹಲಗೆಗೆ ಒಳಗಡೆ ಪಟ್ಟಿ ಬಿಗಿದಿದೀರ. ಬೇಸಿಗೇಲಿ ಅದು ಒಣಗಿ ಕುಗ್ಗೋಕೆ ಹೋಯ್ತು, ನಿಮ್ಮ ಪಟ್ಟಿ ಬಿಡ್ಲಿಲ್ಲ. ಸೀಳದೆ ಇನ್ನೇನ್ ಮಾಡುತ್ತೆ ಪಾಪ?" ಎಂದು ಹಲಗೆಯ ಪರ ವಕಾಲತ್ತು ವಹಿಸಿದರು. ಆಮೇಲೆ, "ಭಾನುವಾರ ಬನ್ನಿ" ಎಂದರು.

ಅಲ್ಲಿಂದ ಸುಮಾರು ಮೂರು ವರ್ಷ ನನ್ನ ಭಾನುವಾರಗಳು ಆ ತಾರಸಿಯಲ್ಲೇ ಕಳೆದವು. ಎರಡನೇ ಭಾನುವಾರಕ್ಕೇ ನಾನು 'ಮಂಜು' ಆದೆ, 'ನೀನು' ಆದೆ. ಬೀಟೆಮರದ ತೆಳು ಹಲಗೆಗೆ ನೀರು ಚಿಮುಕಿಸಿ, ಕಾದ ಕಬ್ಬಿಣದ ಕೊಳವೆಗೆ ಒತ್ತಿ ಒತ್ತಿ ಬಗ್ಗಿಸುವುದನ್ನು ಅವರು ಹೇಳಿಕೊಟ್ಟರು. "ಕೈಯಲ್ಲಿ ಬಗ್ಗಿಸ್ಬೇಡ, ಅದು ಬಗ್ಗೋವರ್ಗೂ ಕಾಯಿ" ಎನ್ನುವರು. ನಾನು ಅವಸರಪಟ್ಟಾಗಲೆಲ್ಲ ಹಲಗೆ ಚಟ್ಟೆಂದು ಮುರಿಯುತ್ತಿತ್ತು. ಅಕ್ಕ ಮುರಿದ ತುಂಡನ್ನು ಎತ್ತಿ ನನ್ನ ಮುಂದಿಟ್ಟು ಕೆಳಗೆ ಹೋಗಿಬಿಡುತ್ತಿದ್ದರು. ಬೈಗುಳಕ್ಕಿಂತ ಅದೇ ಕಷ್ಟವಾಗುತ್ತಿತ್ತು.

ಅವರ ಏಳನೆಯ ಗಿಟಾರು ಆದಾಗ ನಾನು ಜೊತೆಗಿದ್ದೆ. ಗುಜರಿಯಲ್ಲಿ ಸಿಕ್ಕ ಬೀಟೆಯ ಮಂಚದಿಂದ ಹಿಂಬದಿ, ಹಳೆಯ ದೇವದಾರು ಹಲಗೆಯಿಂದ ಮೇಲ್ಮೈ. ಅಕ್ಕ ಮೊದಲ ಸಲ ತಂತಿ ಕಟ್ಟಿ ಮೀಟಿದರು. ಕನ್ನಡಕ ತೆಗೆದು ಶರಟಿನ ತುದಿಯಿಂದ ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೊಮ್ಮೆ ಮೀಟಿದರು. ಬೈಯಲು ಅವರಿಗೆ ಏನೂ ಸಿಕ್ಕಿರಲಿಲ್ಲ.

ಮಲ್ಲೇಶ್ವರಂನ ಒಂದು ಸಂಗೀತ ಸಂಸ್ಥೆಯವರು ಕೈಯಿಂದ ಮಾಡಿದ ವಾದ್ಯಗಳ ಪ್ರದರ್ಶನ, ಸ್ಪರ್ಧೆ ಇಟ್ಟಿದ್ದಾರೆಂದು ತಿಳಿದಾಗ ನಾನೇ ಒತ್ತಾಯ ಮಾಡಿದೆ. ಅಕ್ಕನಿಗೆ ಮನಸ್ಸಿರಲಿಲ್ಲ. "ತೋರಿಸೋಕೆ ಮಾಡಿದ್ದಲ್ಲ ಇದು" ಎಂದರು. ನಾನು ಬಿಡಲಿಲ್ಲ. ಅರ್ಜಿ ತುಂಬಿದವನೂ ನಾನೇ. ಮಾಡಿದವರ ಹೆಸರು ಎಂಬಲ್ಲಿ ಅವರ ಹೆಸರು ಬರೆದೆ, ಸಂಪರ್ಕಕ್ಕೆ ಎಂಬಲ್ಲಿ ನನ್ನದು.

ಗಿಟಾರನ್ನು ಕೌದಿಯಲ್ಲಿ ಸುತ್ತಿ, ಮೆಟ್ರೋದಲ್ಲಿ ಮಡಿಲ ಮೇಲೆ ಮಲಗಿಸಿಕೊಂಡು ಬಂದರು. ಸಂಪಿಗೆ ರಸ್ತೆಯಲ್ಲಿ ಇಳಿದ ಮೇಲೆ ಅವರಿಗೆ ಮೊಣಕಾಲು ನೋವೆಂದು ನಾನು ಎತ್ತಿಕೊಂಡೆ. ಸಭಾಂಗಣದ ಬಾಗಿಲಲ್ಲಿ ಕಾರ್ಯದರ್ಶಿ, "ಬನ್ನಿ ಬನ್ನಿ ಸಾರ್" ಎಂದು ನನ್ನ ಕೈಹಿಡಿದರು. ಅಕ್ಕನ ಕಡೆ ತಿರುಗಿ, "ನೀನು ಅಲ್ಲಿ ಹಿಂದೆ ಕೂತ್ಕೊಳಮ್ಮ" ಎಂದರು. ಮನೆಗೆಲಸದವರೆಂದುಕೊಂಡಿದ್ದರು. ನಾನು, "ಇಲ್ಲ ಸಾರ್, ಇದನ್ನ ಮಾಡಿರೋರು ಇವರೇ" ಎಂದೆ. ಕಾರ್ಯದರ್ಶಿಯ ಪಕ್ಕದಲ್ಲಿದ್ದ ತೀರ್ಪುಗಾರರು, ಹಿರಿಯ ಸಂಗೀತಗಾರರು, ಜೋರಾಗಿ ನಕ್ಕರು. "ಒಳ್ಳೇ ವಿನಯ ಕಣ್ರೀ ನಿಮ್ದು" ಎಂದು ಗಿಟಾರನ್ನು ತೆಗೆದುಕೊಂಡು ನುಡಿಸಿದರು. ನುಡಿಸುತ್ತಾ ನುಡಿಸುತ್ತಾ ಅವರ ನಗು ನಿಂತಿತು. "ಮೇಲ್ಹಲಗೆ ದಪ್ಪ ಎಷ್ಟಿಟ್ಟಿದೀರಿ?" ಎಂದು ನನ್ನನ್ನು ಕೇಳಿದರು.

ನಾನು ಉತ್ತರ ಕೊಟ್ಟೆ. ಇಂದಿಗೂ ನನ್ನನ್ನು ಸುಡುವುದು ಅದು. ಅಕ್ಕ ಮೂರು ಹೆಜ್ಜೆ ಆಚೆ ನಿಂತಿದ್ದರು. "ಅವರನ್ನೇ ಕೇಳಿ" ಎನ್ನಬಹುದಿತ್ತು. ನನಗೆ ಉತ್ತರ ಗೊತ್ತಿತ್ತು, ದೊಡ್ಡವರೊಬ್ಬರು ನನ್ನನ್ನು ಕೇಳಿದ್ದರು, ಅಷ್ಟಕ್ಕೇ ಉಬ್ಬಿದೆ. "ಮಧ್ಯದಲ್ಲಿ ಎರಡೂವರೆ ಮಿಲಿಮೀಟರ್, ಅಂಚಿಗೆ ಬರ್ತಾ ಎರಡು" ಎಂದೆ. "ಅಂಟು?" "ಸರೇಸು." "ಭೇಷ್!" ತಿರುಗಿ ನೋಡುವಷ್ಟರಲ್ಲಿ ಅಕ್ಕ ಹಿಂದಿನ ಸಾಲಿನಲ್ಲಿ ಹೋಗಿ ಕುಳಿತಿದ್ದರು.

ಸಂಜೆ ಮೊದಲ ಬಹುಮಾನಕ್ಕೆ ನನ್ನ ಹೆಸರು ಕೂಗಿದರು. ಕೂಗಿದ್ದು ತಪ್ಪೆಂದು ಗೊತ್ತಿದ್ದೂ ಎದ್ದುಹೋದೆ. ವೇದಿಕೆ ಮೇಲೆ ಸರಿಪಡಿಸಿದರಾಯಿತು ಅಂದುಕೊಂಡೆ. ಶಾಲು ಹೊದಿಸಿದರು, ಹಾರ ಹಾಕಿದರು, ಪ್ರಮಾಣಪತ್ರ ಹಿಡಿಸಿ ಫೋಟೋ ತೆಗೆದರು. ಮೈಕು ಕೈಯಳತೆಯಲ್ಲೇ ಇತ್ತು. ನಾನು ಇಳಿದು ಬಂದೆ. ಹಿಂದಿನ ಸಾಲು ಖಾಲಿಯಾಗಿತ್ತು.

ಮರುದಿನ ಬೆಳಿಗ್ಗೆ ಕಚೇರಿಗೆ ರಜೆ ಹಾಕಿ ಚಾಮರಾಜಪೇಟೆಗೆ ಓಡಿದೆ. ಅಕ್ಕ ತಾರಸಿಯಲ್ಲಿ ಉಳಿ ಮಸೆಯುತ್ತಿದ್ದರು.

"ಅವ್ರು ನನ್ನನ್ನ ಕೆಲಸದೋಳು ಅಂದ್ಕೊಂಡ್ರು. ಅದೇನು ನನಗೆ ಹೊಸದಾ? ಅಚ್ಚುಕೂಟದಲ್ಲಿ ಸೇರಿದ ದಿನದಿಂದ ನೋಡಿದೀನಿ. ನೀನು ಏನಂದ್ಕೊಂಡೆ?"

"ನಾನು ಹೇಳ್ದೆ ಅಕ್ಕ, ನೀವೇ ಮಾಡಿದ್ದು ಅಂತ."

"ಒಂದ್ಸಲ ಹೇಳ್ದೆ. ಅವ್ರು ನಕ್ಕರು. ಎರಡ್ನೇ ಸಲ ಹೇಳೋಕೆ ನಿನ್ನ ನಾಲಿಗೆಗೆ ಏನಾಗಿತ್ತು?"

ಶಾಲು, ಪ್ರಮಾಣಪತ್ರ ಎರಡನ್ನೂ ಹಿಡಿದು ಮಲ್ಲೇಶ್ವರಕ್ಕೆ ಹೋದೆ. ಕಾರ್ಯದರ್ಶಿ ಎಳನೀರು ತರಿಸಿ, ಎಲ್ಲವನ್ನೂ ಕೇಳಿ, ಸಮಾಧಾನದ ದನಿಯಲ್ಲಿ ಹೇಳಿದರು: "ಈಗ ಬದಲಾಯಿಸೋಕೆ ಕಷ್ಟ ಸಾರ್. ಕಮಿಟಿ ಕೂರ್ಬೇಕು. ಅಲ್ಲಾ, ಆಕೆ ಬಡಗಿಗಳ ಪೈಕಿನಾ?"

"ಅಲ್ಲ. ಬೈಂಡರ್ ಆಗಿದ್ರು."

"ಮತ್ತೆ? ಅಂಟುಗಿಂಟು ಹಚ್ಚೋಕೆ ಸಹಾಯ ಮಾಡಿರ್ತಾರೆ, ಒಪ್ಕೊಳ್ಳೋಣ. ಮಹಿಳಾ ದಿನಾಚರಣೆಗೆ ಕರೆಸಿ ಒಂದು ಸಮಾಧಾನಕರ ಬಹುಮಾನ ಕೊಟ್ರಾಯ್ತು. ಇಲ್ಲಾ, ಬಂದು ನಮ್ಮ ಮುಂದೆ ಸ್ವಲ್ಪ ಕೆಲಸ ಮಾಡಿ ತೋರಿಸ್ಲಿ."

ನನ್ನ ದನಿ ಏರಿತು. ಅವರ ದನಿ ಏರಲೇ ಇಲ್ಲ. ನನ್ನ ಹತ್ತು ಮಾತಿಗೂ ಅವರದು ಒಂದೇ ನಗು. ಅನ್ಯಾಯ ಮಾಡುವವರು ಯಾವಾಗಲೂ ಕೂಗಾಡುತ್ತಾರೆ ಎಂದುಕೊಂಡಿದ್ದ ನನಗೆ ಅಂದು ಬುದ್ಧಿ ಬಂತು. ಇವರು ಎಳನೀರು ಕುಡಿಸಿ ಮಾಡುತ್ತಿದ್ದರು.

ಮರಳಿ ಬಂದು ನಾನು ಹೇಳಿದ್ದನ್ನೆಲ್ಲ ಅಕ್ಕ ಕೇಳಿಸಿಕೊಂಡು ಚಪ್ಪಲಿ ಮೆಟ್ಟಿದರು. "ನಡಿ. ನನ್ನ ಗಿಟಾರು ಅಲ್ಲೇ ಇದೆ."

ಸಂಸ್ಥೆಯ ಹಜಾರದಲ್ಲಿ ಏಳನೆಯ ಗಿಟಾರನ್ನು ಗಾಜಿನ ಬೀರುವಿನಲ್ಲಿಟ್ಟು, ಕೆಳಗೆ ನನ್ನ ಹೆಸರಿನ ಚೀಟಿ ಅಂಟಿಸಿದ್ದರು. ತೀರ್ಪುಗಾರರೂ ಅಂದು ಅಲ್ಲೇ ಇದ್ದರು. "ನೋಡಿಮ್ಮ, ನಿಮ್ಮದೇ ಅಂತ ಏನಾದ್ರೂ ಪುರಾವೆ ಕೊಟ್ರೆ…" ಎಂದು ಶುರುಮಾಡಿದರು.

ಅಕ್ಕ ನನ್ನ ಕಡೆ ಬೆರಳು ಮಾಡಿದರು. "ಈ ಸಾರ್ ಹತ್ರ ಪುರಾವೆ ಕೇಳಿದ್ರಾ ನೀವು?"

ತೀರ್ಪುಗಾರರು ಕಾರ್ಯದರ್ಶಿಯ ಮುಖ ನೋಡಿದರು.

"ಪ್ಯಾಂಟು ಶರಟು ನೋಡಿ ಅವ್ರಿಗೆ ಕೊಟ್ರಿ. ನನ್ನ ಮಾತ್ರ ಪರೀಕ್ಷೆಗೆ ಕೂರಿಸ್ತೀರಾ? ನಾನು ಯಾವ ಪರೀಕ್ಷೆಗೂ ಕೂರಲ್ಲ."

ಬೀರುವಿಗೆ ಬೀಗವಿರಲಿಲ್ಲ. ಬಾಗಿಲು ತೆಗೆದು ಗಿಟಾರನ್ನು ಎತ್ತಿಕೊಂಡು, ಜೊತೆಗೆ ತಂದಿದ್ದ ಕೌದಿಯಲ್ಲಿ ಸುತ್ತಿ, ಹೊರಗೆ ನಡೆದರು. ಕಾರ್ಯದರ್ಶಿ ಹಿಂದೆ ಬರುತ್ತಾ, "ಒಂದು ಸಹಿ ಹಾಕಿ ತಗೊಂಡ್ಹೋಗಿ" ಎಂದರು. ಅಕ್ಕ ತಿರುಗಿಯೂ ನೋಡಲಿಲ್ಲ. ದಾರಿಯಲ್ಲಿ ನಾನು ಎತ್ತಿಕೊಳ್ಳಲು ಕೈ ಚಾಚಿದೆ. "ಬೇಡ. ನೀವು ಒಮ್ಮೆ ಎತ್ಕೊಂಡಿದ್ದೇ ಸಾಕು" ಎಂದರು.

'ನೀವು' ಎಂದರು. ಆ ದಿನದಿಂದ ನಾನು ಅವರಿಗೆ 'ಸಾರ್' ಆದೆ. ಭಾನುವಾರ ಹೋದರೆ ಬೇಡವೆನ್ನಲಿಲ್ಲ. "ಬನ್ನಿ ಸಾರ್, ಕೂತ್ಕೊಳಿ ಸಾರ್." ಹೇಳಿಕೊಡುವುದರಲ್ಲಿ ಒಂದು ಕೂದಲೆಳೆಯಷ್ಟೂ ಕಡಿಮೆ ಮಾಡಲಿಲ್ಲ. ಆದರೆ ಆ 'ಸಾರ್' ಕೇಳಿದಾಗಲೆಲ್ಲ ನನ್ನ ಕಿವಿ ಬಿಸಿಯಾಗುತ್ತಿತ್ತು. ಹೆಚ್ಚುಕಡಿಮೆ ಐದು ತಿಂಗಳು ಹೀಗೇ ನಡೆಯಿತು. ಸಂಸ್ಥೆಗೆ ನಾನು ಮೂರು ಪತ್ರ ಬರೆದೆ, ಒಂದಕ್ಕೂ ಉತ್ತರ ಬರಲಿಲ್ಲ. ಪ್ರಮಾಣಪತ್ರವನ್ನು ಅಂಚೆಯಲ್ಲಿ ವಾಪಸು ಕಳಿಸಿದೆ, ಅದನ್ನು ಅವರು ಮತ್ತೆ ನನಗೇ ಕಳಿಸಿದರು.

ಆಮೇಲೊಂದು ಭಾನುವಾರ ನನ್ನ ಎರಡನೆಯ ಗಿಟಾರನ್ನು ತಾರಸಿಗೆ ತಂದೆ. ಹಿಂದಿನ ದಿನ ಬ್ರಿಡ್ಜ್ ಅಂಟಿಸಿದ್ದೆ. ಅಳೆದು ನೋಡಿದಾಗ ಎರಡು ಮಿಲಿಮೀಟರ್ ಮುಂದೆ ಹೋಗಿತ್ತು. ಅಷ್ಟಕ್ಕೇ ಮೇಲಿನ ಸ್ವರಗಳೆಲ್ಲ ಅಪಸ್ವರವಾಗುತ್ತವೆ. ಯಾರಿಗೂ ತೋರಿಸದೆ, ಹಬೆ ಹಿಡಿದು ನಾನೇ ಕಿತ್ತು ತಂದಿದ್ದೆ. ಅಕ್ಕ ಖಾಲಿ ಜಾಗದ ಮೇಲೆ ಬೆರಳಾಡಿಸಿ ನೋಡಿದರು. ಒಂದು ನಾರೂ ಎದ್ದಿರಲಿಲ್ಲ.

"ಯಾಕೋ ಕಿತ್ತೆ?" ಎಂದರು.

"ಎರಡು ಮಿಲಿಮೀಟರ್ ಮುಂದೆ ಹೋಗಿತ್ತು ಅಕ್ಕ" ಎಂದೆ. ಅವರು ಸ್ಕೇಲು ತರಲು ಎದ್ದರು.

ಈ ಫೆಬ್ರವರಿಯಲ್ಲಿ ಅವರ ಹೃದಯ ಸೋಲುತ್ತಿದೆ ಎಂದು ಡಾಕ್ಟರು ಹೇಳಿದ್ದರು. ಒಣ ಹವೆ, ಪಟ್ಟಿ ಅಂಟಿಸಲು ಹೇಳಿ ಮಾಡಿಸಿದ ಕಾಲ. ಒಂಬತ್ತನೆಯ ಗಿಟಾರಿನ ಹಲಗೆ ಸಿದ್ಧವಾಗಿತ್ತು, ಅಕ್ಕನ ಕೈ ನಡುಗುತ್ತಿತ್ತು. ಅವರು ಕುರ್ಚಿಯಲ್ಲಿ ಕುಳಿತು ಹೇಳಿದರು, ನಾನು ಅಂಟಿಸಿದೆ. ನಾಲ್ಕನೆಯ ಪಟ್ಟಿಗೆ, "ಕೀಳು, ಅಂಟು ಆಗ್ಲೇ ತಣ್ಣಗಾಗಿತ್ತು" ಎಂದರು. ಕಿತ್ತು ಮತ್ತೆ ಅಂಟಿಸಿದೆ. ಹೊರಡುವಾಗ, ಬಹಳ ದಿನದಿಂದ ಒಳಗಿದ್ದದ್ದು ಬಾಯಿಗೆ ಬಂತು.

"ಅಕ್ಕ, ಆವತ್ತು ಮಲ್ಲೇಶ್ವರದಲ್ಲಿ ನಾನು…"

"ಅದನ್ನ ನಾನು ಮರ್ತಿಲ್ಲ, ಮರೆಯೋದೂ ಇಲ್ಲ" ಎಂದರು. ದನಿಯಲ್ಲಿ ಕಹಿ ಇರಲಿಲ್ಲ, ಕ್ಷಮೆಯೂ ಇರಲಿಲ್ಲ. "ಭಾನುವಾರ ಬೇಗ ಬಾ. ಬಿಸಿಲೇರೋಕೆ ಮುಂಚೆ."

ಗುರುವಾರ ಬೆಳಿಗ್ಗೆ ಪ್ರಜ್ಞಾ ಫೋನ್ ಮಾಡಿದಳು.

ತಿಂಗಳಾದ ಮೇಲೆ ಇನ್ನೊಂದು ಫೋನ್ ಬಂತು, ಆ ಕಾರ್ಯದರ್ಶಿಯದು. ಸುಜಾತಾ ಅವರಿಗೆ ಸಂಸ್ಥೆ ನುಡಿನಮನ ಏರ್ಪಡಿಸಿದೆಯಂತೆ. ಈಗ ಅವರು 'ನಾವು ಗುರುತಿಸಿದ ಅಪರೂಪದ ಕುಶಲಕರ್ಮಿ' ಆಗಿದ್ದರು. ನಾನು ನಾಲ್ಕು ಮಾತಾಡಬೇಕಂತೆ. "ಬರ್ತೀನಿ, ಆದ್ರೆ ನೀವು ಅವರನ್ನ ಹಿಂದೆ ಕೂರಿಸಿದ್ದು, ನಾನು ಶಾಲು ಹೊದ್ದುಕೊಂಡದ್ದು, ಅದನ್ನೇ ಹೇಳ್ತೀನಿ" ಎಂದೆ. "ಇಂಥ ಹೊತ್ತಲ್ಲಿ ಅದೆಲ್ಲಾ ಯಾಕೆ ಸಾರ್?" ಎಂದರು. ಆಮಂತ್ರಣ ಬರಲಿಲ್ಲ.

ಪ್ರಜ್ಞಾ ಹೋಗಿದ್ದಳು. ಅಲ್ಲಿ ಆ ತೀರ್ಪುಗಾರರು ಕಣ್ಣೊರೆಸಿಕೊಂಡು ಮಾತಾಡಿದರಂತೆ: ಸುಜಾತಮ್ಮ ಸರಳ ಜೀವಿ, ಪ್ರಶಸ್ತಿಗೆ ಆಸೆಪಟ್ಟವರಲ್ಲ, ಯಾರ ಮೇಲೂ ಎಂದೂ ಸಿಟ್ಟು ಮಾಡಿಕೊಂಡವರಲ್ಲ ಎಂದು. ಜನ ಚಪ್ಪಾಳೆ ತಟ್ಟಿದರಂತೆ.

ಅದನ್ನು ಕೇಳಿದ ದಿನವೇ ಇದನ್ನು ಬರೆಯಲು ಕುಳಿತೆ. ಸುಜಾತಕ್ಕ ಸಿಟ್ಟು ಮಾಡಿಕೊಂಡಿದ್ದರು. ಆ ಸಂಸ್ಥೆಯವರ ಮೇಲೆ ಮಾಡಿಕೊಂಡಿದ್ದರು, ನನ್ನ ಮೇಲೂ ಮಾಡಿಕೊಂಡಿದ್ದರು. ಎರಡಕ್ಕೂ ಕಾರಣವಿತ್ತು.