ಪಾಲಿಗೆ ಹಾಕಿದ ಕೋಳಿ

ಹೊನವಾಡದ ಭಾಗಪ್ಪ ಮುಂಬೈಯ ದೊಡ್ಡ ಕಂಪನಿಯೊಂದರಲ್ಲಿ ಕಂಪ್ಯೂಟರ್ ವಿಭಾಗಕ್ಕೇ ಸಾಹೇಬನಾಗಿದ್ದ. ಕೋಣೆತುಂಬ ಕೂತ ಆ ಯಂತ್ರಕ್ಕೆ ತೂತಿನ ಕಾರ್ಡು ತಿನ್ನಿಸಿ ತಿನ್ನಿಸಿ ಸಾಕಾಗಿ, ಎಪ್ಪತ್ತೇಳನೇ ಇಸವಿಯಲ್ಲಿ ನೌಕರಿ ಬಿಟ್ಟು ವಿಜಾಪುರಕ್ಕೆ ಬಂದ. ಅಥಣಿ ರಸ್ತೆಯಲ್ಲಿ ಬಾಡಿಗೆ ಮನೆ ಹಿಡಿದ. ಹೊಸ ಉದ್ಯೋಗ ಹೂಡುವವರಿಗೆ ತನ್ನ ಗಳಿಕೆ ಕೊಟ್ಟು ಬೆನ್ನಿಗೆ ನಿಲ್ಲುವ ಹುಚ್ಚು ಹತ್ತಿತ್ತು ಮಹಾರಾಯನಿಗೆ.

“ಇದು ಸಾಲ ಅಲ್ಲ, ಪಾಲು. ಗೆದ್ದರ ಇಬ್ಬರೂ ಉಣ್ಣೂಣು, ಮುಳುಗಿದರ ಇಬ್ಬರೂ ಮುಳುಗೂಣು” ಎಂದು ಎಲ್ಲರಿಗೂ ಬಿಡಿಸಿ ಹೇಳುತ್ತಿದ್ದ. ಎಲ್ಲರೂ ತಲೆಯಾಡಿಸಿದರು, ನಂಬಿದವರು ಯಾರೂ ಇಲ್ಲ. ಅವನು ಪಾಲು ಹಾಕಿದ ಪೇಟೆಯ ರೇಡಿಯೋ ಅಂಗಡಿ ಮುಚ್ಚಿತು. ಅಂಗಡಿಯವನು ಇವನನ್ನು ಕಂಡರೆ ಸಂದಿಯಲ್ಲಿ ನುಸುಳತೊಡಗಿದ. ಬಬಲೇಶ್ವರದ ಸೋಡಾ ಕಾರ್ಖಾನೆ ನಿಂತಿತು. ಅದರ ಮಾಲಕ “ಮನ್ಯಾಗ ಇಲ್ಲ ಅಂತ ಹೇಳು” ಎಂದು ಹೆಂಡತಿಗೆ ಪಿಸುಗುಟ್ಟಿದ್ದು ಹೊರಗೆ ನಿಂತ ಭಾಗಪ್ಪನಿಗೇ ಕೇಳಿಸಿತು. ದುಡ್ಡು ಹೋದದ್ದಕ್ಕಿಂತ ಇದು ಅವನನ್ನು ಹೆಚ್ಚು ದಣಿಸಿತು. ಎಂಥ ಹೇಡಿಗಳು ಎಂದು ಬೈದುಕೊಂಡ.

ಹಳೆಯ ಕಂಪನಿ ಮತ್ತೆ ಕರೆಯುತ್ತಿತ್ತು. “ಇದೊಂದು ಕಡೀದು. ಇದೂ ಹ್ವಾದ್ರ ಹೊಳ್ಳಿ ಹೋಗೂಣು” ಎಂದು ಹೆಂಡತಿ ಚಂದ್ರಾಬಾಯಿಗೆ ಮಾತು ಕೊಟ್ಟು, ಉಳಿದದ್ದನ್ನೆಲ್ಲ ಕಳ್ಳಕವಟಗಿಯ ಕುರಿಗಾರ ಅಮೋಘಿಯ ಮೇಲೆ ಹಾಕಿದ. ಬಿಳಿ ಫಾರ್ಮ್ ಕೋಳಿ ಸಾಕಿ ತಿಕೋಟಾ ಸಂತೆಯಲ್ಲಿ ತತ್ತಿ ಮಾರುವ ಆಸೆ ಅಮೋಘಿಯದು. ಪಾಲಿನ ಮಾತು ಕೇಳಿ ಅವನು ಮರುಪ್ರಶ್ನೆಯನ್ನೇ ಹಾಕಲಿಲ್ಲ.

ಬೇಸಿಗೆಯಲ್ಲಿ ರೋಗ ಬಡಿಯಿತು. ಕೋಳಿಯೆಲ್ಲ ಸತ್ತವೆಂದು ಬಸ್ಸಿನಲ್ಲಿ ಬಂದವರೊಬ್ಬರು ಹೇಳಿದರು. ಇವನೂ ಮುಖ ತಪ್ಪಿಸುತ್ತಾನೆ ಬಿಡು ಎಂದುಕೊಂಡು ಭಾಗಪ್ಪ ನೌಕರಿಗೆ ಬರುತ್ತೇನೆಂದು ಮುಂಬೈಗೆ ತಂತಿ ಕಳಿಸಿದ. ಚಂದ್ರಾಬಾಯಿ ಟ್ರಂಕು ತುಂಬತೊಡಗಿದಳು.

ಮರುದಿನ ಅಮೋಘಿ ಬಾಗಿಲಿಗೇ ಬಂದ. ಹೆಗಲ ಮೇಲಿನ ಚೀಲ ಇಳಿಸಿ ಬಾಯಿ ಬಿಚ್ಚಿದ. ಒಳಗೆ ಬರೀ ಕೋಳಿಕಾಲು. ನಾತಕ್ಕೆ ಚಂದ್ರಾಬಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

“ಇದೇನೋ?” ಎಂದ ಭಾಗಪ್ಪ.

“ಪಾಲಿಗೆ ತಂದ ಕುರಿ ಸತ್ತರ ತೊಗಲು ತಂದು ಮಾಲಕರಿಗೆ ತೋರಸಬೇಕ್ರಿ. ಇಲ್ಲಾಂದ್ರ ಮಾರಿಕೊಂಡ ತಿಂದಾನ ಅಂತಾರ. ಕೋಳಿದು ತೊಗಲು ಎಲ್ಲಿ ಸುಲೀಲಿ, ಕಾಲು ತಂದೇನ್ರಿ. ನೋಡಿಕೊಳ್ರಿ. ಗೂಡಿಗೆ ಸುಣ್ಣ ಹೊಡದೇನಿ ಸಾಹೇಬ್ರ. ಮತ್ತ ಮರಿ ಯಾವಾಗ ತರೂಣ್ರಿ?”

ಮುಳುಗಿದ ಮೇಲೂ ಮನೆಗೆ ಬರುವ ಇಂಥ ಒಬ್ಬನಿಗಾಗಿಯೇ ಭಾಗಪ್ಪ ಕಾದಿದ್ದ. ಅಂಥವನು ಬಂದಾಗ ತನ್ನ ಕೈಯಲ್ಲಿ ಕಾಸಿರಲಿಲ್ಲ.

“ನಾ ಮುಂಬೈಗೆ ಹೊಂಟೀನಿ ಅಮೋಘಿ. ನೌಕರಿಗೆ.”

ಅಮೋಘಿ ಒಳಗಿನ ಟ್ರಂಕಿನ ಕಡೆ ನೋಡಿದ.

“ಇಬ್ಬರೂ ಮುಳುಗೂಣು ಅಂದಿದ್ರಲ್ರಿ” ಎಂದ, ಮೆಲ್ಲಗೆ.

ಭಾಗಪ್ಪನಿಗೆ ಅವನ ಮುಖ ನೋಡಲಾಗಲಿಲ್ಲ. ಹೆಂಡತಿಗೆ ಚಹಾ ಮಾಡೆಂದು ಹೇಳುವ ನೆವದಲ್ಲಿ ಒಳಗೆ ಹೋದವನು, ಚಹಾ ಆರಿದರೂ ಹೊರಗೆ ಬರಲಿಲ್ಲ.