ಸೂಜಿ ಚುಚ್ಚದವಳ ಫೀ

ಪಗಾರ ಎಂಬುದನ್ನು ನಾನು ಯಾವತ್ತೂ ನನ್ನ ಹೆಸರಿನಲ್ಲಿ ಪಡೆದವಳಲ್ಲ. ನಮ್ಮವರು ಕಾಗದದ ಮಿಲ್ಲಿನಿಂದ ತಂದದ್ದನ್ನು ಅಡುಗೆಮನೆಯ ಡಬ್ಬಿಗಳಿಗೆ ಹಂಚಿ, ತಿಂಗಳ ಕೊನೆಗೆ ಸಾಸಿವೆ ಡಬ್ಬಿಯಲ್ಲಿ ಏನಾದರೂ ಉಳಿದಿದೆಯೇ ಎಂದು ಬೆರಳಾಡಿಸುವುದಷ್ಟೇ ನನ್ನ ಅರ್ಥಶಾಸ್ತ್ರ. ಅಂಥವಳ ಮುಂದೆ ಕಳೆದ ವಾರ ಇಬ್ಬರು ಹುಡುಗಿಯರು ಬಂದು ಕೂತು, "ನಾವು ಎಷ್ಟು ಫೀ ಕೇಳಬೇಕ್ರಿ ಮಾವಶಿ?" ಎಂದು ಕೇಳಿದರು. ನಗಬೇಡಿ. ಅವರು ನಿಜವಾಗಿಯೂ ಉತ್ತರಕ್ಕಾಗಿ ಕಾದಿದ್ದರು.

ಹುಡುಗಿಯರು ನನ್ನ ಅಕ್ಕನ ಮಗಳು ಶೈಲಾಳ ಜೊತೆ ಬಂದವರು. ಆಕ್ಯುಪೇಶನಲ್ ಥೆರಪಿ ಎಂಬ ಪದವಿಯನ್ನು ಈಗಷ್ಟೇ ಮುಗಿಸಿದ್ದಾರೆ. ಶೈಲಾ ಅದನ್ನೇ ಕಲಿತು ಕೆಲವು ವರ್ಷಗಳಿಂದ ಹುಬ್ಬಳ್ಳಿಯಲ್ಲಿ ಕೆಲಸ ಮಾಡುತ್ತಿದ್ದಾಳೆ. ಕುಳಗಿಯ ಕಾಡು ತೋರಿಸುತ್ತೇನೆಂದು ಅವರನ್ನು ದಾಂಡೇಲಿಗೆ ಕರೆತಂದವಳು, ಫೀ ಮಾತು ಬಂದ ಕೂಡಲೇ ನನ್ನ ಕಡೆ ಬೊಟ್ಟು ಮಾಡಿ ಅವರೆಕಾಯಿ ಸುಲಿಯುತ್ತ ಕೂತುಬಿಟ್ಟಳು. "ನನಗ ರೊಕ್ಕಾ ಕೇಳಾಕ ಕಲಿಸಿದಾಕಿ ಈಕೀನ. ಈಕಿನ್ನ ಕೇಳ್ರಿ."

ಅಪಘಾತವಾಗಿಯೋ ಲಕವಾ ಹೊಡೆದೋ ಕೈಕಾಲು ಸೋತವರಿಗೆ ಗುಂಡಿ ಹಾಕಿಕೊಳ್ಳುವುದು, ತುತ್ತು ಎತ್ತುವುದು, ತಮ್ಮ ತಮ್ಮ ಉದ್ಯೋಗದ ಹತಾರ ಹಿಡಿಯುವುದು, ಇದನ್ನೆಲ್ಲ ಮತ್ತೆ ರೂಢಿ ಮಾಡಿಸುವ ವಿದ್ಯೆ ಇದು. ಶೈಲಾ ಮೊದಲ ಸಲ ವಿವರಿಸಿದಾಗ, "ಅಯ್ಯ, ಇದನ್ನ ನಾ ನನ್ನ ಮಕ್ಕಳಿಗೆ ಪುಕ್ಕಟೆ ಕಲಿಸೇನಲ್ಲ!" ಅಂದಿದ್ದೆ. ಅವಳ ಮುಖ ಸಣ್ಣದಾಯಿತು. ಆದರೆ ನಾನಂದದ್ದು ಊರಿನ ಮಾತೇ ಆಗಿತ್ತೆಂಬುದು ಮುಂದೆ ಗೊತ್ತಾಯಿತು.

ಆಗ ಅವಳು ಮುಂಬಯಿಯಲ್ಲಿ ಓದು ಮುಗಿಸಿ ನಮ್ಮ ಮನೆಗೆ ಬಂದಿದ್ದಳು. ಯಾವಾಗಲೋ ಬರೆದಿದ್ದ ಬ್ಯಾಂಕಿನ ಪರೀಕ್ಷೆ ಪಾಸಾಗಿ, ಕಾರಕೂನಿಕೆಯ ಆರ್ಡರು ಕೈಯಲ್ಲಿತ್ತು. ಇನ್ನೊಂದು ಕಡೆ ಹುಬ್ಬಳ್ಳಿಯ ಡಾಕ್ಟರರೊಬ್ಬರು, "ನನ್ನ ದವಾಖಾನೆಯಲ್ಲಿ ಒಂದು ಕೋಣೆ ಕೊಡುತ್ತೇನೆ, ಪಗಾರ ಕೊಡಲಾರೆ. ಪೇಶಂಟರು ಕೊಟ್ಟದ್ದು ನಿನ್ನದು" ಎಂದಿದ್ದರು. ನನ್ನ ಭಾವ, ಅಂದರೆ ಶೈಲಾಳ ತಂದೆ, ಕೆಟ್ಟವರಲ್ಲ. ಪಿಂಚಣಿ ಎಂಬ ಶಬ್ದ ಕೇಳಿದರೆ ಅವರಿಗೆ ನಿದ್ದೆ ಚೆನ್ನಾಗಿ ಬರುತ್ತದೆ, ಅಷ್ಟೆ. "ಈ ವಿದ್ಯಾಕ್ಕ ತಾನಾಗೇ ರೊಕ್ಕಾ ಕೊಡೋ ಮನಿ ಒಂದ ತೋರಸು. ಬ್ಯಾಂಕಿನ ಮಾತ ಬಿಡ್ತೇನಿ. ಇಲ್ಲಾಂದ್ರ ಮುಂದಿನ ತಿಂಗಳ ಹಾಜರಾಗು" ಎಂದು ಷರತ್ತು ಹಾಕಿದ್ದರು. ಹೀಗೆ ಒಂದು ತಿಂಗಳು, ಒಂದು ಮನೆ. ಸಿಗದಿದ್ದರೆ ಅವಳು ನಾಲ್ಕು ವರ್ಷ ಕಲಿತದ್ದನ್ನು ಮಡಿಚಿಟ್ಟು ಚಲನ್ನಿನ ಮೇಲೆ ಠಸ್ಸೆ ಒತ್ತಬೇಕು.

ಜನ ಯಾವುದಕ್ಕೆ ದುಡ್ಡು ಕೊಡುತ್ತಾರೆ ಎಂಬುದು ದೊಡ್ಡ ಶಾಸ್ತ್ರ. ಕಲಾಯಿಯವನಿಗೆ ಕೊಡುತ್ತಾರೆ, ಪಾತ್ರೆ ಹೊಳೆಯುತ್ತದೆ. ಡಾಕ್ಟರನಿಗೆ ಕೊಡುತ್ತಾರೆ, ಆದರೆ ಅವನು ಸೂಜಿ ಚುಚ್ಚಬೇಕು, ಹೋಗಲಿ, ಕೆಂಪು ಔಷಧವನ್ನಾದರೂ ಬಾಟಲಿಗೆ ಹಾಕಬೇಕು. ಬರೀ ನಾಡಿ ಹಿಡಿದು "ಚೆನ್ನಾಗಿ ಊಟ ಮಾಡು" ಎನ್ನುವ ಡಾಕ್ಟರನ ಮನೆ ಮುಂದೆ ಹುಲ್ಲು ಬೆಳೆಯುತ್ತದೆ. ನಮ್ಮ ಶರಣರು ಕಾಯಕವನ್ನು ಪೂಜೆಯ ಎತ್ತರಕ್ಕೆ ಏರಿಸಿದರು. ಕಾಯಕ ಮಾಡಿದವರು ಕೂಲಿ ಕೇಳಬಾರದೆಂದು ಅವರು ಹೇಳಿದ ಹಾಗೆ ನನಗೆ ಗೊತ್ತಿಲ್ಲ. ದಾಸೋಹ ಮಾಡಬೇಕೆಂದರೂ ಮೊದಲು ಮನೆಯಲ್ಲಿ ಜೋಳ ಇರಬೇಕಲ್ಲ! ಆದರೆ ಹೆಣ್ಣುಮಗಳು ಮನೆಗೆ ಬಂದು, ಹಾಸಿಗೆಯ ಪಕ್ಕ ಕೂತು, ಉಪಕಾರದಂತೆ ಕಾಣುವ ಕೆಲಸ ಮಾಡಿದರೆ ನಮ್ಮ ಜನಕ್ಕೆ ತಕ್ಷಣ ಅದು ಬಳಗವಾಗಿ ಕಾಣುತ್ತದೆ. ಬಳಗದವರಿಗೆ ಯಾರಾದರೂ ದುಡ್ಡು ಕೊಡುತ್ತಾರೆಯೇ?

ಶೈಲಾಳಿಗೆ ಹಾಗೆಯೇ ಆಯಿತು. ಊರ ಡಾಕ್ಟರರು ಕಳಿಸಿದ ಮನೆಗಳಿಗೆ ಅವಳು ಹೋಗುತ್ತಿದ್ದಳು, ಜೊತೆಗೆ ನಾನು. ಬರುವಾಗ "ನಿಮಗ ತಿಳದಷ್ಟು ಕೊಡ್ರಿ" ಎನ್ನುವಳು. ತೇರಗಾಂವದ ಒಬ್ಬರು ಅಕ್ಕಿ ಕೊಟ್ಟರು. ಜೋಯಿಡಾ ಕಡೆಯ ಒಬ್ಬರು ಜೇನುತುಪ್ಪ ಕೊಟ್ಟರು. ಉಳಿದವರು ಕುಂಕುಮ ಹಚ್ಚಿ ಕುಬಸದ ಖಣ ಕೊಟ್ಟು, "ಲಗೂ ಲಗ್ನದ ಊಟಾ ಹಾಕಸವಾ" ಎಂದು ಹರಸಿದರು. ಖಣಗಳ ಅಂಗಡಿ ತೆಗೆಯುವಷ್ಟು ಖಣ ಸೇರಿದವು. ಹುಬ್ಬಳ್ಳಿಯಲ್ಲಿ ಮನೆ ಬಾಡಿಗೆಯನ್ನು ಖಣದಲ್ಲಿ ತೆಗೆದುಕೊಳ್ಳುವವರು ಯಾರಿದ್ದಾರೆ?

ಸಂಕೋಚದಲ್ಲಿ ನಾನೂ ಏನು ಕಡಿಮೆಯಲ್ಲ. ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತವಳು. ಕಪ್ಪು ಹಿಡಿಯುವುದು ಹೇಗೆ, ಎರಡನೆಯ ಸಲ ಬಡಿಸಲು ಬಂದರೆ ನಯವಾಗಿ ಬೇಡವೆನ್ನುವುದು ಹೇಗೆ, ಎಲ್ಲ ಕಲಿಸಿದ್ದರು. ನಮಗೆ ಬರಬೇಕಾದ್ದನ್ನು ಕೇಳುವುದು ಹೇಗೆ ಎಂಬ ಪಾಠ ಮಾತ್ರ ಯಾವ ಪುಸ್ತಕದಲ್ಲೂ ಇರಲಿಲ್ಲ. ಆದರೂ ಸಂತೆಯಲ್ಲಿ ಇಷ್ಟು ವರ್ಷ ಬದನೆಕಾಯಿ ಕೊಂಡವಳು ನಾನು. "ತಿಳದಷ್ಟು ಕೊಡ್ರಿ" ಎನ್ನುವ ಬದನೆಕಾಯಿಯವಳನ್ನು ನಾನಂತೂ ನೋಡಿಲ್ಲ. ಅದು ಧಾರಾಳತನವಲ್ಲ, ನಮ್ಮ ಸಂಕೋಚವನ್ನು ಎದುರಿನವರ ತಲೆಯ ಮೇಲೆ ಹೊರಿಸುವುದು. ಪಾಪ, ಅವರಿಗೆ ಎಷ್ಟು ತಿಳಿಯಬೇಕು?

ಹಾಗಾಗಿ ಮನೆಯಲ್ಲಿ ತಾಲೀಮು ಶುರುವಾಯಿತು. ನಮ್ಮವರು ಪೇಶಂಟಾಗಿ ಪಲ್ಲಂಗದ ಮೇಲೆ ಮಲಗಿದರು. ಶೈಲಾ ಒಂದು ಮೊತ್ತ ಹೇಳಬೇಕು, ಹೇಳಿ ಸುಮ್ಮನಾಗಬೇಕು. ಅದೇ ಕಷ್ಟ. ಹೇಳಿದ ಮರುಗಳಿಗೆಯೇ ಅವಳ ಬಾಯಿಂದ "ಆದ್ರ ಕಮ್ಮಿ ಮಾಡಬಹುದು" ಎಂದು ಬಂದುಬಿಡುತ್ತಿತ್ತು. "ನಾ ಇನ್ನೂ ಕೇಳೇ ಇಲ್ಲಲ್ಲವಾ!" ಎಂದು ಪೇಶಂಟು ಎದ್ದು ಕೂತು ರೇಗುತ್ತಿತ್ತು.

ತಿಂಗಳು ಮುಗಿಯುತ್ತ ಬಂದಿತ್ತು. ಉಳಿದದ್ದು ಇಮಾಮಸಾಬರ ಮನೆ. ಅವರು ನಮ್ಮೂರ ಮೆಕ್ಯಾನಿಕ್. ಸೂಪಾ ಡ್ಯಾಮಿನ ಕೆಲಸಕ್ಕೆ ಓಡಾಡುವ ಲಾರಿಗಳಿಗೆಲ್ಲ ಅವರ ಕೈಯ ಗುರುತು ಇತ್ತು. ಲಕವಾ ಹೊಡೆದು ಬಲಗೈ ಕೂತಿತ್ತು. ಮನೆಯಲ್ಲಿ ಅವರು, ಅವರ ತಾಯಿ ಹುಸೇನಬಿ. ಆ ತಾಯಿ ಮಗನಿಗೆ ತುತ್ತು ಮಾಡಿ ತಿನ್ನಿಸುವರು, ಬಸಿಯಲ್ಲಿ ಚಹಾ ಆರಿಸಿ ತುಟಿಗೆ ಹಿಡಿಯುವರು. ಮಗನಿಗೆ ತೊಂದರೆಯಾಗದಿರಲೆಂದು ಅಂಗಿಯ ಗುಂಡಿಗಳನ್ನೆಲ್ಲ ಕತ್ತರಿಸಿ ಲಾಡಿ ಹೊಲಿದಿದ್ದರು. ಆ ಲಾಡಿಗಳು ಎಷ್ಟು ಅಂದವಾಗಿದ್ದವೆಂದರೆ ನೋಡಿ ನನಗೆ ಕಣ್ಣು ತುಂಬಿತು. ಶೈಲಾ ನೋಡಿ ನಿಟ್ಟುಸಿರುಬಿಟ್ಟಳು.

ಅವಳು ಗ್ಯಾರೇಜಿನಿಂದ ನಟ್ಟು ಬೋಲ್ಟು ತರಿಸಿ, ಇಮಾಮಸಾಬರ ಮುಂದೆ ಪರಾತದಲ್ಲಿ ಸುರುವಿ, ಬಲಗೈಯಿಂದಲೇ ಆರಿಸಿ ಜೋಡಿಸಲು ಹೇಳಿದಳು. ಹುಸೇನಬಿ ಸಿಟ್ಟಾದರು.

"ಅರೇ ಅಲ್ಲಾ! ಬೀಮಾರಿ ಬಿದ್ದ ಮಗನ ಕೈಲೆ ಕೆಲಸಾ ಮಾಡಸ್ತಿಯಲ್ಲ, ಎಂಥಾ ಡಾಕ್ಟರಬಾಯಿ ನೀನು?"

"ನಿಮಗೂ ಒಂದ ಕೆಲಸಾ ಅದ ಅಮ್ಮಾ," ಎಂದಳು ಶೈಲಾ. "ಅವರು ಚಹಾ ಕುಡದು ಮುಗಸೋತನಕಾ ನೀವು ಕೈ ಕಟ್ಟಿ ಕೂಡಬೇಕು."

ಅದಕ್ಕಿಂತ ಕಠಿಣವಾದ ಕೆಲಸವನ್ನು ಆ ತಾಯಿಗೆ ಯಾರೂ ಕೊಟ್ಟಿರಲಿಕ್ಕಿಲ್ಲ. ಬಸಿ ನಡುಗಿತು, ಚಹಾ ಎದೆಯ ಮೇಲೆ ಚೆಲ್ಲಿತು. ಹುಸೇನಬಿಯವರ ಕೈ ಸೆರಗಿನೊಳಗೇ ಹೊರಳಾಡಿತು. ಮಗ ಕುಡಿಯುವುದನ್ನು ಕಲಿಯುತ್ತಿದ್ದ, ತಾಯಿ ಕುಡಿಸದಿರುವುದನ್ನು. ಕೆಲವು ದಿನಗಳ ಮೇಲೆ ಅವರು ನನ್ನ ಕಿವಿಯಲ್ಲಿ, "ಅಂವಾ ಎಲ್ಲಾ ತಾನ ಮಾಡಕೊಂಡ್ರ ನಾ ಏನ ಮಾಡ್ಲಿ ಬಾಯಿ?" ಅಂದರು. ಮನೆಯವರಿಗೆ ಊಟದ ಡಬ್ಬಿ ಕಟ್ಟುವುದೇ ಉದ್ಯೋಗವಾಗಿರುವ ನನಗೂ ಅದೇ ಹೆದರಿಕೆ ಆಗೀಗ ಬರುತ್ತದೆ.

ತಿಂಗಳ ಕೊನೆಯ ಶನಿವಾರ ಶೈಲಾ ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಫೀ ಹೇಳಿದಳು. ಹೇಳಿ ಸುಮ್ಮನಾದಳು. ಹುಸೇನಬಿ ಸೊಂಟದ ಮೇಲೆ ಕೈಯಿಟ್ಟರು.

"ಸೂಜಿ ಇಲ್ಲ, ಗುಳಿಗಿ ಇಲ್ಲ. ಕೆಲಸಾ ನನ್ನ ಮಗಾ ಮಾಡಬೇಕು, ರೊಕ್ಕಾ ನೀ ತಗೋಬೇಕು?"

ಶೈಲಾ ಚಪ್ಪಲಿ ಬಿಟ್ಟು ಒಳಗೆ ಬಂದಳು.

"ಭಾಳ ಆತು. ಅರ್ಧಾ ತಗೋ."

"ಇಲ್ರಿ ಅಮ್ಮಾ."

"ಹಂಗಾದ್ರ ಇನ್ನ ಮ್ಯಾಲ ಹೊತ್ತ ಮಾಡಿ ಬರಬ್ಯಾಡ. ಮೊನ್ನಿ ಅಷ್ಟೊತ್ತು ಕಾಯಿಸಿದಿ. ಸ್ಪ್ಯಾನರ ತಿರುವೂದು ಸೈತ ಕಲಸಬೇಕು. ಇದ ರೊಕ್ಕದಾಗ!"

ಶೈಲಾಳ ಕಣ್ಣಲ್ಲಿ ನೀರು ತುಂಬಿತ್ತು. ಚೌಕಾಸಿ ಮಾಡಿದರಲ್ಲ ಎಂದು ಅವಳಿಗೆ ಅವಮಾನ. ನನಗೋ ಕುಣಿಯಬೇಕೆನ್ನಿಸಿತು. ಖಣ ಕೊಟ್ಟವರು ಯಾರೂ ತಡವಾಯಿತೆಂದು ಬೈದಿರಲಿಲ್ಲ, ಇಂತಿಷ್ಟು ಕಲಿಸಲೇಬೇಕೆಂದು ಹಟ ಹಿಡಿದಿರಲಿಲ್ಲ. ಅವರು ಅವಳನ್ನು ಹರಸಿದ್ದರು. ಹುಸೇನಬಿ ಮಾತ್ರ ಅವಳ ವಿದ್ಯೆಯನ್ನು ಹೊರಳಿಸಿ, ಒತ್ತಿ, ಮೂಸಿ ನೋಡಿದ್ದರು. ಕೊಳ್ಳಬೇಕೆಂದವರಷ್ಟೇ ಹಾಗೆ ನೋಡುತ್ತಾರೆ.

ಇಬ್ಬರು ಹುಡುಗಿಯರಿಗೆ ಇಲ್ಲಿಯವರೆಗೆ ಹೇಳಿ ಉಪದೇಶ ಮುಗಿಯಿತೆಂದುಕೊಂಡೆ. "ರೊಕ್ಕಾ ಕೊಟ್ರೇನು?" ಎಂದು ಅವರು ಬಿಡಲಿಲ್ಲ.

ಆ ದಿನದ ಪಾಠ ಮುಗಿದ ಮೇಲೆ ಹುಸೇನಬಿ ಎದ್ದು ಮಗನ ಅಂಗಿಯ ಜೇಬಿಗೆ ಕೈ ಹಾಕಲು ಹೋದರು. "ಬ್ಯಾಡ್ರಿ, ಅವರ ತಗೀಲಿ" ಎಂದಳು ಶೈಲಾ. ಇಮಾಮಸಾಬರು ಬಲಗೈ ಎತ್ತಿದರು. ಬೆರಳು ಜೇಬಿನ ಅಂಚಿಗೆ ತಾಗಿ ಜಾರಿತು. ಮತ್ತೆ ಹೋಯಿತು, ಒಳಗಿಳಿಯಿತು, ಅಲ್ಲೇ ತಡಕಾಡಿತು. ನಾವು ಮೂವರು ಹೆಂಗಸರು ಕೈ ಕಟ್ಟಿ ನಿಂತಿದ್ದೆವು. ಹೊರಗೆ ಲಾರಿಯೊಂದು ಹಾರ್ನು ಹೊಡೆದು, ಯಾರೂ ಬಾರದ್ದು ನೋಡಿ ಹೋಗಿಯೂ ಬಿಟ್ಟಿತು. ಕೊನೆಗೆ ಮುದುಡಿದ ನೋಟುಗಳು ಎರಡು ಬೆರಳ ನಡುವೆ ಹೊರಬಂದವು. ಅವರು ಬೆವರಿದ್ದರು. ಅವಳ ಕಡೆ ನೀಡಿ, "ತಗೋರಿ ಡಾಕ್ಟರಬಾಯಿ, ನಾನ ಕೊಡಾಕತ್ತೇನಿ" ಅಂದರು.

ಬ್ಯಾಂಕಿಗೆ ಬರುವುದಿಲ್ಲವೆಂದು ಶೈಲಾ ಅಂದೇ ಬರೆದು ಹಾಕಿದಳು. ಭಾವನವರು ಒಂದು ವಾರ ಮಾತು ಬಿಟ್ಟು, ಆಮೇಲೆ ಹುಬ್ಬಳ್ಳಿಯ ಕೋಣೆಗೆ ತಾವೇ ಒಂದು ಮೇಜು ಮಾಡಿಸಿಕೊಟ್ಟರು.

ಹುಡುಗಿಯರೇ, ಎಷ್ಟು ಕೇಳಬೇಕೆಂಬುದು ನನಗೆ ಈಗಲೂ ಗೊತ್ತಿಲ್ಲ, ಅದು ಊರಿಂದ ಊರಿಗೆ ಬೇರೆ. ಬಾಯಿಬಿಟ್ಟು ಕೇಳಿ. ಕೇಳಿದ ಮೇಲೆ ಅವಸರ ಮಾಡಬೇಡಿ. ತನ್ನ ಜೇಬಿನವರೆಗೆ ತನ್ನ ಕೈಯನ್ನು ತಲುಪಿಸಲು ಮನುಷ್ಯನಿಗೆ ಬೇಕಾದಷ್ಟು ಹೊತ್ತು ಕೊಡಿ.