ಮೀನಿನ ಮನೆಯ ಕೂಸು ಉಗಿದ ಸಾರು

ಬೆಳಕು ಹರಿಯುವ ಹೊತ್ತು. ಕಡಲ ದಂಡೆಯ ಊರು ಮಕುರಝಾಕಿಯ ಶಿಶುವಿಹಾರದ ಅಡುಗೆಮನೆ ಕಿಟಕಿಯ ಕೆಳಗೆ ಬೆಕ್ಕುಗಳು ಆಗಲೇ ಹಾಜರು. ಒಳಗೆ ಮಿಸುಜು ತೊಕಿವಾ, ರಾತ್ರಿ ನೆನೆಹಾಕಿದ್ದ ಕಡಲಪಾಚಿಯನ್ನು ನೀರು ಕುದಿಯುವ ಮೊದಲೇ ಎತ್ತುತ್ತಾರೆ. ಕುದಿ ಬಂದ ಮೇಲೆ ಒಲೆ ಆರಿಸಿ, ಹೊಗೆಯಲ್ಲಿ ಒಣಗಿಸಿದ ಬೊನಿಟೊ ಮೀನಿನ ತುರಿ ಉದುರಿಸುತ್ತಾರೆ. ಅದು ತಳಕ್ಕಿಳಿದಾಗ ಬಟ್ಟೆಯಲ್ಲಿ ಸೋಸಿದರೆ ಸಾರು ಸಿದ್ಧ. ಹಲ್ಲು ಸರಿಯಾಗಿ ಮೂಡದ ಕೂಸುಗಳಿಗೆಂದು ಮಾಡುವುದು, ಉಪ್ಪು ಹಾಕುವಂತಿಲ್ಲ.

"ನಮ್ಮೆಜಮಾನ್ರು ಒಂದ್ಸಲ ಕುಡಿದು, ಪಾತ್ರೆ ತೊಳೆದ ನೀರಾ ಅಂತ ಕೇಳಿದ್ರು. ಬಾಯ್ತುಂಬ ಹಲ್ಲಿದೆಯಲ್ಲ, ಅವರಿಗೇನು ಗೊತ್ತಾಗುತ್ತೆ" ಎನ್ನುತ್ತಾರೆ.

ಇಪ್ಪತ್ತಾರು ವರ್ಷಗಳಿಂದ ಇದೇ ಕೆಲಸ. ಹದಿನಾಲ್ಕು ಕೂಸುಗಳ ಗಂಜಿಗೂ ಕುಂಬಳಕಾಯಿಗೂ ಈ ಸಾರೇ ಆಧಾರ. ಊರಲ್ಲಿ ಅವರ ಹೆಸರು ಯಾರಿಗೂ ನೆನಪಿಲ್ಲ, "ಸಾರಿನಕ್ಕ" ಅಂದರೆ ಮಾತ್ರ ಗೊತ್ತು.

ಇವತ್ತು ಮಗುವನ್ನು ಎತ್ತಿಕೊಂಡು ಹಿಂಬಾಗಿಲಿಗೆ ಬಂದವರು ಗೆಂಜೊ ಹಿರಾಟಾ. ಮೂರು ತಲೆಮಾರಿನಿಂದ ಬೊನಿಟೊ ಒಣಗಿಸುವ ಮನೆತನ. ಇಲ್ಲಿ ಬಟ್ಟಲು ನೆಕ್ಕುವ ಒಂಬತ್ತು ತಿಂಗಳ ಮಗ ರಿಕು, ಮನೆಯಲ್ಲಿ ಅಪ್ಪ ಕಾಸಿದ ಸಾರನ್ನು ಅಪ್ಪನ ಮುಖಕ್ಕೇ ಉಗಿಯುತ್ತಾನೆ. ಸೋಮವಾರದಿಂದ ಹೆಂಡತಿಗೆ ಸಂಜೆ ಪಾಳಿ, ಮಗುವಿಗೆ ಉಣಿಸಬೇಕಾದವರು ಇವರೊಬ್ಬರೇ.

"ಅಕ್ಕಾ, ನಮ್ಮಪ್ಪ ಆಡ್ಕೊಂಡು ನಗ್ತಾ ಇದಾರೆ. ಮೀನಿನ ಮನೇಲಿ ಹುಟ್ಟಿ ಮೀನು ಉಗಿಯೋ ವಾರಸುದಾರ ಅಂತ. ಏನು ಹಾಕ್ತೀರಿ, ಹೇಳ್ಬಿಡಿ."

"ನಿಂದೇ ಮೀನು, ಊರಿನದೇ ನೀರು. ಎಲ್ಲಿ, ನನ್ನ ಗಂಜೀನೇ ತಿನ್ಸು ನೋಡೋಣ."

ಗೆಂಜೊ ಹುಬ್ಬು ಗಂಟಿಕ್ಕಿ, ತುಟಿ ಬಿಗಿದು, ಸಾಲ ವಸೂಲಿಗೆ ಬಂದವರ ಹಾಗೆ ಚಮಚ ಚಾಚುತ್ತಾರೆ. ರಿಕು ಕೂಡ ಥೇಟ್ ಅಪ್ಪನಂತೆ ತುಟಿ ಬಿಗಿಯುತ್ತಾನೆ.

"ಸಾರಿಂದೇನೂ ತಪ್ಪಿಲ್ಲ ತಮ್ಮಾ. ಬಾಯಿ ತೆಗಿ."

"ತೆಗೀತಿಲ್ವಲ್ಲ ಅಕ್ಕಾ."

"ಅವನಲ್ಲ, ನೀನು."

ಮೀನಿನ ಹರಾಜಿನಲ್ಲೂ ತಲೆಯಾಡಿಸಿಯೇ ವ್ಯಾಪಾರ ಮುಗಿಸುವ ಮನುಷ್ಯ. ಬಾಗಿಲಲ್ಲಿ ಶಿಕ್ಷಕಿಯರು ಬೇರೆ ನೆರೆದಿದ್ದಾರೆ. ಕಿವಿ ಕೆಂಪಗಾದರೂ ಗೆಂಜೊ "ಆ..." ಎಂದು ಬಾಯಿ ತೆರೆಯುತ್ತಾರೆ. ಎರಡೇ ಹಲ್ಲಿನ ರಿಕು ಅಷ್ಟೇ ಅಗಲ ತೆರೆಯುತ್ತಾನೆ. ಬಟ್ಟಲು ಖಾಲಿಯಾದರೂ ಅಪ್ಪ ಬಾಯಿ ಮುಚ್ಚುವುದನ್ನು ಮರೆತಿದ್ದಾರೆ. ಸಾರಿನಕ್ಕನ ಬಗ್ಗೆ ಪತ್ರಿಕೆಗೆ ಬರೆದುಕೊಳ್ಳಲು ಬಂದ ನಾನೂ ಬಾಯಿ ತೆರೆದೇ ನಿಂತಿದ್ದೆ ಎಂಬುದು ಆಮೇಲೆ ಗೊತ್ತಾಗುತ್ತದೆ.

ಸೋಸಿ ಉಳಿದ ತುರಿಯನ್ನು ಬೆಕ್ಕುಗಳಿಗೆ ಹಾಕುತ್ತಿದ್ದ ಮಿಸುಜು ಅವರನ್ನು, ನಿಮಗೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ.

"ಹಲ್ಲೆಲ್ಲ ಬಿದ್ಮೇಲೆ ನಂಗೂ ಇದೇ ಗಂಜಿ ಸಾಕು. ತಿನ್ನಿಸೋರು ಮಾತ್ರ ನನ್ನ ಜೊತೆ ಬಾಯಿ ತೆಗೀಬೇಕು."